ನದಿಗೆ ಬಿದ್ದ ಚೆಂಡು

ಕಾಳಿ ನದಿಯ ದಂಡೆಯಲ್ಲಿ ಪಾಸ್ಕಲ್ ಮಾಸ್ತರರ ಆಶ್ರಮವಿತ್ತು. ಆಶ್ರಮವೆಂದರೆ ಮತ್ತೇನಲ್ಲ, ಒಂದಿಷ್ಟು ಮರಳು, ಎರಡು ಗೋಲು ಕಂಬ. ಜಪ, ತಪ ಎಲ್ಲವೂ ಫುಟ್‌ಬಾಲೇ.

ಅಲ್ಲಿ ಆಡಿ ಬೆಳೆದ ರೋಹಿದಾಸ ಪೋಲೆಂಡಿನ ಒಂದು ಕ್ಲಬ್ಬಿಗೆ ಆಡಲು ಹೋಗಿದ್ದ. ಊರಿಗೆ ಊರೇ ಬೀಗಿತ್ತು. ಒಂದು ಸಂಜೆ ಅವನು ಇದ್ದಕ್ಕಿದ್ದಂತೆ ಬಂದು ಮಾಸ್ತರರ ಮುಂದೆ ನಿಂತ.

“ಮಾಸ್ತರೆ, ನಾ ಇನ್ನು ಅಲ್ಲಿಗೆ ಹೋಗೂದಿಲ್ಲ. ಇಲ್ಲೇ ನಿಮ್ಮ ಹತ್ರ ಇರ್ತೇನೆ.”

“ಎಂತಾಯ್ತೋ ತಮಾ?”

“ದೊಡ್ಡ ಪಂದ್ಯ. ಕೊನೇ ಪೆನಾಲ್ಟಿ ನಂದು. ಗೋಲಿನ ಮೇಲಿಂದ ಹೊಡೆದುಬಿಟ್ಟೆ. ಸೋತ್ವಿ. ಅಲ್ಲಿಯ ಕೋಚ್ ಬೈಯಲೂ ಇಲ್ಲ. ಮುಂದಿನ ಪಂದ್ಯದಲ್ಲೂ ನೀನೇ ಹೊಡೀಬೇಕು ಅಂದ್ರು. ನಂಗೆ ಕಾಲೇ ಏಳೂದಿಲ್ಲ. ಹೇಳದೆ ಕೇಳದೆ ವಿಮಾನ ಹತ್ತಿ ಬಂದೆ.”

“ಹೋಗದಿದ್ರೆ?”

“ತಂಡದಿಂದ ಕೈಬಿಡ್ತಾರೆ. ಬಿಡಲಿ.”

ಮಾಸ್ತರರು ಸಮಾಧಾನ ಹೇಳುವ ಪೈಕಿ ಅಲ್ಲ. ಚೆಂಡೊಂದನ್ನು ಅವನ ಕಾಲ ಬಳಿ ಉರುಳಿಸಿದರು.

“ಹೊಡಿ.”

ಗೋಲಿನಲ್ಲಿ ನಿಂತಿದ್ದವನು ಅವನ ಹಳೆಯ ಜೊತೆಗಾರ ಸುಬ್ರಾಯ. ಬೆಳಿಗ್ಗೆ ಮೀನು ಹಿಡಿಯುತ್ತಾನೆ, ಸಂಜೆ ಚೆಂಡು. ರೋಹಿದಾಸ ಕಣ್ಣು ಮುಚ್ಚಿ ಒದ್ದ. ಚೆಂಡು ಸುಬ್ರಾಯನ ತಲೆ ದಾಟಿ, ಅಡ್ಡಕಂಬ ದಾಟಿ, ಸೀದಾ ನದಿಗೆ ಬಿತ್ತು.

ಯಾರಾದರೂ ಇನ್ನೊಂದು ಚೆಂಡು ಎಸೆಯುತ್ತಾರೇನೋ ಎಂಬಂತೆ ರೋಹಿದಾಸ ಸುತ್ತ ನೋಡಿದ. ಸುಬ್ರಾಯನಿಗೆ ನಗು ತಡೆಯಲಾಗಲಿಲ್ಲ.

“ಎಂತ ನೋಡ್ತೀಯಾ ಮಾರಾಯ? ಇಲ್ಲಿ ಹೊಡೆದವನೇ ತರಬೇಕು. ವಿಮಾನ ಹತ್ತಿದ ಮೇಲೆ ಅದೂ ಮರೆತೋಯ್ತಾ?”

ಆ ಆಶ್ರಮಕ್ಕೆ ಇದ್ದದ್ದು ಅದೊಂದೇ ನಿಯಮ. ಎಂಥ ಆಟಗಾರನಾದರೂ ಸರಿ, ನದಿಗೆ ಹೊಡೆದವನು ನದಿಗೆ ಇಳಿಯಲೇಬೇಕು. ಮಾಸ್ತರರೇ ಲುಂಗಿ ಎತ್ತಿ ಕಟ್ಟಿ ಇಳಿದದ್ದುಂಟು.

ರೋಹಿದಾಸ ತನ್ನ ದುಬಾರಿ ಬೂಟು ಕಳಚಿ ನೀರಿಗೆ ಹಾರಿದ. ಚೆಂಡು ತಂದ. ಮತ್ತೆ ಹೊಡೆದ. ಮತ್ತೆ ನದಿಗೆ! ಈ ಸಲ ಅವನಿಗೇ ನಗು ಬಂತು. ಈಜಿ ಬಂದವನು ಒದ್ದೆ ಮೈಯಲ್ಲೇ ಇನ್ನೊಮ್ಮೆ ಒದ್ದ. ಸುಬ್ರಾಯ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಹೋಯಿತು. ಮೂವರೂ ಹಾಕಿದ ಕೂಗಿಗೆ ದೋಣಿಯವರು ಹುಟ್ಟು ನಿಲ್ಲಿಸಿ ನೋಡಿದರು.

ರೋಹಿದಾಸನಿಗೆ ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿತ್ತು. ಖುಷಿಯಾಗಿತ್ತು, ಬರೀ ಖುಷಿ. ಏದುಸಿರು ಬಿಡುತ್ತ ಮಾಸ್ತರರ ಪಕ್ಕ ಮರಳಿನಲ್ಲಿ ಕೂತ.

“ಇಲ್ಲಿ ಎಷ್ಟು ತಪ್ಪಿದ್ರೂ ಏನೂ ಅನಿಸೂದಿಲ್ಲ ಮಾಸ್ತರೆ. ಅಲ್ಲಿ ಒಂದೇ ಒಂದು ತಪ್ಪಿದ್ದಕ್ಕೆ ನಿದ್ದೆ ಇಲ್ಲ. ಎಂತಕ್ಕೆ?”

“ಅಲ್ಲಿ ಆ ಚೆಂಡು ಎಲ್ಲಿ ಬಿತ್ತು?”

“ನೋಡೂಕೆ ಬಂದ ಜನರ ನಡುವೆ.”

“ಯಾರು ಹೋಗಿ ತಂದ್ರು?”

“ಅಲ್ಲಿ ಹೊಡೆದವರು ತರೂದಿಲ್ಲ ಮಾಸ್ತರೆ. ಬೇಕಾದಷ್ಟು ಚೆಂಡು ಇರ್ತದೆ.”

ಮಾಸ್ತರರು ಎದ್ದು ಲುಂಗಿಯ ಮರಳು ಕೊಡವಿಕೊಂಡರು. ಅವನ ಒದ್ದೆ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟರು.

“ಹಾಗಾದ್ರೆ ಚೆಂಡು ಇನ್ನೂ ಅಲ್ಲೇ ಉಂಟು. ಹೊಡೆದವ ಇಲ್ಲೆಂತ ಮಾಡ್ತಾ ಇದ್ದಾನೆ?”