ಬಳೆಗಾರ್ತಿಯ ಮಗಳ ಹೆಸರು

"ಗುರುಗಳೇ, ಆ ಕಳ್ಳನನ್ನು ಅವನ ಊರಿಗೆ ಕಳಿಸಿಬಿಡಲೇ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಹಿರಿಯ ಶಿಷ್ಯ. ಹೊಸದಾಗಿ ಬಂದವರನ್ನು ತಿದ್ದುವ ಕೆಲಸ ಅವನದು. ಅವನಿಗೆ ಸಾಕುಸಾಕಾಗಿ ಹೋಗಿತ್ತು. ಹೊಸಬರಲ್ಲಿ ಒಬ್ಬ ತಪ್ಪು ಮಾಡುತ್ತಾನೆ, ಮಾಡಿದ್ದನ್ನು ಅಡಗಿಸುತ್ತಾನೆ, ಕೇಳಿದರೆ ಇಲ್ಲವೇ ಇಲ್ಲ ಎನ್ನುತ್ತಾನೆ. ಬೇಡವೆಂದ ಮರ ಹತ್ತಿ ಕಾಲಿಗೆ ಗಾಯ ಮಾಡಿಕೊಂಡು, ಅದನ್ನೂ ಬಟ್ಟೆಯಲ್ಲಿ ಮುಚ್ಚಿಟ್ಟು ಕೀವು ಮಾಡಿಕೊಂಡಿದ್ದ. ಹಾಗಾಗಿ ಮರುಳಯ್ಯನ ಬಾಯಲ್ಲಿ ಅವನು ಕಳ್ಳನೇ ಆಗಿಹೋಗಿದ್ದ. ಬೆಳಿಗ್ಗೆ ಹೊರಡುವ ಗಾಡಿಯಲ್ಲೇ ಅವನನ್ನು ಕೂರಿಸಿಬಿಡುತ್ತೇನೆ, ಅಪ್ಪಣೆ ಕೊಡಿ ಎಂದು ಮರುಳಯ್ಯ ಕೈಮುಗಿದ.

ಗುರುಗಳೂ ದಣಿದಿದ್ದರು. ಗೋಡೆಗೆ ಒರಗಿಕೊಂಡು, ಕೂತುಕೋ, ಒಂದು ಕತೆ ಹೇಳುತ್ತೇನೆ, ಮೂಗು ಮಾತ್ರ ಮುಚ್ಚಿಕೊಳ್ಳಬೇಡ ಎಂದರು. ಅವರು ಹೇಳಿದ ಕತೆ ಇದು.

ಒಬ್ಬ ಬಳೆಗಾರ್ತಿ ಇದ್ದಳು. ಗಂಡ ಬಳೆ ತರಲು ದೂರದ ಪೇಟೆಗೆ ಹೋಗುತ್ತಿದ್ದ. ಇವಳು ಮನೆಮನೆಗೆ ಹೋಗಿ ಹೆಂಗಸರಿಗೆ ತೊಡಿಸುತ್ತಿದ್ದಳು. ಅವಳಿಗೆ ಒಂದು ಹೆಣ್ಣುಮಗು. ಹೊನ್ನವ್ವ ಎಂದು ಹೆಸರಿಟ್ಟು ಹೊನ್ನಿ ಎಂದು ಕರೆಯುತ್ತಿದ್ದರು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ. ಹಾಗಾಗಿ ಹೆಗಲಿಗೆ ಬಳೆ, ಸೊಂಟಕ್ಕೆ ಮಗು.

ಮೂರು ವರ್ಷ ತುಂಬುತ್ತಾ ಬಂದರೂ ಮಗು ಹಿತ್ತಿಲಿಗೆ ಹೋಗುವುದನ್ನು ಕಲಿಯಲಿಲ್ಲ. ಬಳೆಗಾರ್ತಿ ಬಂದರೆ ನಡುಮನೆಗೆ ಕರೆದು ಚಾಪೆ ಹಾಕುತ್ತಾರೆ. ಆ ಚಾಪೆಯ ಮೇಲೆ ಮಗು ಮಾಡಿಬಿಟ್ಟರೆ ಮತ್ತೆ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ಇವತ್ತು ಬಳೆ ಬೇಡ ಹೋಗವ್ವ ಎನ್ನುತ್ತಾರೆ. ಹಾಗೆ ನಿಲ್ಲಿಸುವ ಮನೆಗಳು ಹೆಚ್ಚುತ್ತಾ ಬಂದವು. ಹೊಟ್ಟೆಪಾಡಿನ ಮಾತು. ಕಲಿಸಲೇಬೇಕಾಯಿತು.

ಆ ಕಡೆಯ ತಾಯಂದಿರು ಮಕ್ಕಳ ಮಾತಿನಲ್ಲಿ ಅದಕ್ಕೆ ಛೀ ಎನ್ನುತ್ತಾರೆ. ಛೀ ಬಂದರೆ ಹೇಳು ಮಗಾ ಎಂದು ಇವಳೂ ಹೇಳಿಕೊಟ್ಟಳು. ಬೆಳಿಗ್ಗೆ ಎದ್ದು ಹಿತ್ತಿಲಲ್ಲಿ ಬೂದಿ ಹರಡಿ, ಮಗುವನ್ನು ಕೂರಿಸಿ, ಎದುರಿಗೆ ತಾನೂ ಕುಕ್ಕರಗಾಲಲ್ಲಿ ಕೂತು ಕಾಯುವಳು. ಮಗು ಬೂದಿಯಲ್ಲಿ ಗೀಟು ಎಳೆಯುವುದು. ಕಾಗೆ ಎಲ್ಲಿ ಹೋಯಿತು ಎಂದು ಕೇಳುವುದು. ಬಂತಾ ಎಂದರೆ ಇಲ್ಲ ಎನ್ನುವುದು. ಸರಿ ಎಂದು ಎಬ್ಬಿಸಿ, ಬಟ್ಟೆ ಹಾಕಿ, ಒಳಗೆ ಬಿಟ್ಟ ಗಳಿಗೆಯಲ್ಲಿ ಬಾಗಿಲ ಸಂದಿಯಲ್ಲಿ ಎಲ್ಲ ಆಗಿಹೋಗಿರುತ್ತಿತ್ತು. ನಗಬೇಡ ಮರುಳಯ್ಯ, ನೀನೂ ಹೀಗೆಯೇ ಕಲಿತವನು, ನಾನೂ ಹೀಗೆಯೇ ಕಲಿತವನು.

ಅವಳೇನು ಕೆಟ್ಟ ತಾಯಿಯಲ್ಲ. ಮೊದಮೊದಲು, ಛೀ, ಹೀಗೆ ಮಾಡಬಾರದು ಕಂದಾ, ದೊಡ್ಡವಳಾದೆಯಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದಳು. ದಿನವೆಲ್ಲ ಓಣಿ ಸುತ್ತಿ ಬಂದು ಮತ್ತೆ ನೆಲ ಸಾರಿಸಬೇಕು, ಮತ್ತೆ ಬಟ್ಟೆ ಒಗೆಯಬೇಕು. ದಣಿದವರಿಗೆ ಉದ್ದ ಮಾತು ಬಾರದು. ಬರಬರುತ್ತಾ ಕಂದ ಹೋಯಿತು, ಬುದ್ಧಿಮಾತು ಹೋಯಿತು. ಛೀ ಒಂದು ಉಳಿಯಿತು. ಮಗು ಎದುರಿಗೆ ಬಂದರೆ ಸಾಕು, ಬಾಯಲ್ಲಿ ಅದೇ ಬರುತ್ತಿತ್ತು.

ಆಮೇಲೆ ಮಗು ಬಿಗಿಹಿಡಿಯತೊಡಗಿತು. ಬಂದರೆ ಬಾಗಿಲ ಸಂದಿಯಲ್ಲಿ ತುದಿಗಾಲಲ್ಲಿ ನಿಂತು, ಮುಖ ಕೆಂಪಾಗಿಸಿಕೊಂಡು ತಡೆಯುವುದು. ಹಿತ್ತಿಲಿಗೆ ಕರೆದರೆ ಬಾಗಿಲು ತಬ್ಬಿಕೊಂಡು ಅಳುವುದು. ಹೊಟ್ಟೆ ಕಲ್ಲಾಯಿತು. ಅನ್ನ ಬಿಟ್ಟಿತು. ತಾಯಿ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು. ಮಗುವಿನ ಮೈ ಬಿಸಿಯಾದಾಗ ಅವಳ ಜೀವವೇ ಬಾಯಿಗೆ ಬಂತು. ಅಂಥ ಹೊತ್ತಿನಲ್ಲೂ ಒಂದು ಮನೆಯಿಂದ ಕರೆ ಬಂದರೆ ಹೋಗದೆ ಗತಿಯಿಲ್ಲ. ಮಗುವನ್ನು ಎತ್ತಿಕೊಂಡೇ ಹೋದಳು.

ಆ ಮನೆಯ ಗೃಹಿಣಿ ಕೈ ಚಾಚಿ ಕೂತಿದ್ದಳು. ಬಳೆ ಗೆಣ್ಣು ದಾಟುತ್ತಿತ್ತು. ನೋವು ಮರೆಯಲೆಂದು ಆಕೆ ಮಗುವಿನ ಕಡೆ ತಿರುಗಿ, ನಿನ್ನ ಹೆಸರೇನು ಪುಟ್ಟಿ ಎಂದು ಕೇಳಿದಳು.

"ಛೀ" ಎಂದಿತು ಮಗು.

ಬಳೆ ತೊಡಲು ಸೇರಿದ್ದ ಹೆಂಗಸರೆಲ್ಲ ನಕ್ಕರು. ಆಕೆ ಬಿಡಲಿಲ್ಲ. ಅಲ್ಲ ಕಣೇ, ನಿಮ್ಮವ್ವ ನಿನ್ನನ್ನು ಏನಂತ ಕೂಗ್ತಾಳೆ ಎಂದಳು.

"ಛೀ ಅಂತಾಳೆ."

ಬಳೆಗಾರ್ತಿಯ ಕೈ ಗೆಣ್ಣಿನ ಮೇಲೇ ನಿಂತುಹೋಯಿತು. ಗೃಹಿಣಿ ನೋವು ನೋವು ಎಂದ ಮೇಲೆ ಎಚ್ಚರಾಯಿತು.

ಮನೆಗೆ ಬಂದು ಅವಳು ಅಳಲಿಲ್ಲ. ಅಳುವುದಕ್ಕೂ ತ್ರಾಣ ಬೇಕು. ಹಿತ್ತಿಲಲ್ಲಿ ಒಂದು ಮಣೆ ಹಾಕಿಕೊಂಡು ಕೂತು, ಎಳೆಗೂಸಾಗಿದ್ದಾಗ ಕೂರಿಸಿಕೊಳ್ಳುತ್ತಿದ್ದ ಹಾಗೆ ಆ ದೊಡ್ಡ ಮಗುವನ್ನು ತನ್ನೆರಡು ಪಾದಗಳ ಮೇಲೆ ಕೂರಿಸಿಕೊಂಡಳು. ಹೊನ್ನೀ ಎಂದು ಕರೆದಳು. ಬಂತಾ ಎಂದು ಕೇಳಲಿಲ್ಲ. ಮಗು ಅವಳ ಬಾಯಿಯನ್ನೇ ನೋಡುತ್ತಿತ್ತು. ಆ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿತ್ತು. ಬಿಸಿಲು ಗೋಡೆಯಿಂದ ಇಳಿದು ಹೋಯಿತು. ಕಾಲು ಜೋಮು ಹಿಡಿಯಿತು. ಆಮೇಲೆ ಅವಳ ಪಾದದ ಮೇಲೇ ಆಯಿತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದೇ ಬಂತು, ಅಭ್ಯಾಸ ನೋಡು. ನುಂಗಿಕೊಂಡಳು.

"ಹೊನ್ನೀ, ಕೂತಿರು, ನೀರು ಹಾಕ್ತೀನಿ" ಎಂದಳು.

ಅಷ್ಟಕ್ಕೇ ಮಗು ಕಲಿತುಬಿಟ್ಟಿತು ಎಂದು ತಿಳಿಯಬೇಡ. ಆಮೇಲೂ ಎಷ್ಟೋ ಚಾಪೆ ಹಾಳಾದವು. ಅವಳು ಸಾರಿಸುವುದು, ಒಗೆಯುವುದು ತಪ್ಪಲಿಲ್ಲ. ಆದರೆ ಹೊನ್ನಿ ಬಾಗಿಲ ಸಂದಿಗೆ ಹೋಗುವುದನ್ನು ಬಿಟ್ಟಳು. ಬಂದು ತಾಯಿಯ ಸೆರಗು ಹಿಡಿದು ಎಳೆಯತೊಡಗಿದಳು. ಬಹಳ ಸಲ ಆದ ಮೇಲೆಯೇ ಬಂದು ಎಳೆದಳು. ಆದ ಮೇಲಾದರೂ ಬಂದಳಲ್ಲ, ಅದು ಸಾಕಾಗಿತ್ತು ಅವಳಿಗೆ.

ಕತೆ ಮುಗಿಸಿ ಗುರುಗಳು ಕಣ್ಣು ಮುಚ್ಚಿಕೊಂಡರು. ಮರುಳಯ್ಯ ಎದ್ದ. ಕತೆ ತಿಳಿಯಿತು, ಇನ್ನು ಮೇಲೆ ಯಾರನ್ನೂ ಬೈಯುವುದಿಲ್ಲ ಎಂದ. ಆದರೆ ಆ ಕಳ್ಳ ಮಾತ್ರ ತಿದ್ದಿಕೊಳ್ಳುವ ಪೈಕಿಯಲ್ಲ, ಗಾಡಿಯವನಿಗೆ ಈಗಲೇ ಹೇಳಿ ಬರುತ್ತೇನೆ ಎಂದು ಬಾಗಿಲ ಕಡೆ ನಡೆದ.

ಗುರುಗಳು ಕಣ್ಣು ಮುಚ್ಚಿಕೊಂಡೇ ಕೇಳಿದರು: "ಹೇಳಿ ಬಾ, ಯಾರನ್ನು ಕರೆದುಕೊಂಡು ಹೋಗಬೇಕೆಂದು ಗಾಡಿಯವನು ಕೇಳುತ್ತಾನಲ್ಲ, ಆ ಹುಡುಗನ ಹೆಸರೇನು ಮರುಳಯ್ಯ?"