ಒಂದೇ ಕಡೆ ಸವೆದ ಬ್ರೇಕು

"ಅಜ್ಜಾರೇ, ಇಬ್ಬರು ಮಾಡುವ ಕೆಲಸದಲ್ಲಿ ಒಬ್ಬರೇ ಯಾಕೆ ಸವೆಯಬೇಕು?"

ಮಠದ ಅಡುಗೆಯ ಸಾವಂತ್ರವ್ವ ಹೀಗೆ ಕೇಳಿದಾಗ ಮಠದ ಸ್ವಾಮಿಗಳಾದ ಅಜ್ಜನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಉಂಡವರು ಕೈ ತೊಳೆದು ಹೋಗಿದ್ದರು. ಸಾವಂತ್ರವ್ವನ ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು.

"ಗಂಟು ಯಾಕವ್ವ?" ಎಂದರು ಅಜ್ಜನವರು.

"ತಂಗಿಯ ಊರಿಗೆ ಹೋಗ್ತೇನೆ. ಹನ್ನೊಂದು ವರ್ಷ ಆಯ್ತು. ಕೋಳಿ ಕೂಗುವ ಮುಂಚೆ ಒಲೆ ಹಚ್ಚುವವಳು ನಾನು. ಕೊಪ್ಪರಿಗೆ ಇಳಿಸುವವಳೂ ನಾನೇ. ಈ ಮಣಿಕಟ್ಟು ನೋಡಿ, ರೊಟ್ಟಿ ಬಡಿದು ಬಡಿದು ಇನ್ನು ಮಡಚಲಾರೆ ಅಂತದೆ. ಅಡುಗೆಗೆ ಅಂತ ನೀವು ಇಬ್ಬರನ್ನು ಇಟ್ಟಿರಿ. ಆ ದುಂಡವ್ವ ನೋಡಿದರೆ ಹೊರಗೆ ಕಾಲು ನೀಡಿಕೊಂಡು ಕೂತು ಅಕ್ಕಿಯಲ್ಲಿ ಕಲ್ಲು ಆರಿಸ್ತಾಳೆ. ಬೆಳಿಗ್ಗೆಯೂ ಅದೇ ಮೊರ, ಸಂಜೆಯೂ ಅದೇ ಮೊರ. ಅಷ್ಟು ಕಲ್ಲು ಇದ್ದಿದ್ದರೆ ಇಷ್ಟೊತ್ತಿಗೆ ಮಠಕ್ಕೆ ಇನ್ನೊಂದು ಗೋಡೆ ಆಗಿರೋದು!"

"ಅವಳಿಗೆ ಏನಾದರೂ ಹೇಳಿದ್ದೀಯಾ?"

"ಹೇಳೋದು ಏನು ಬಂತು! ಒಮ್ಮೆ ಬಾಯಿ ತೆಗೆದಳೆಂದರೆ ಮುಚ್ಚುವವಳಲ್ಲ. ಮೊದಮೊದಲು ಒಳಗೇ ಇರ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಮರೆಯುವಷ್ಟು ಮಾತು. ಆ ವಟವಟ ತಾಳಲಾರದೆ ಅಡುಗೆಮನೆ ಬಾಗಿಲಿಗೆ ಚಿಲಕ ಹಾಕಿಕೊಂಡು ನನ್ನ ಪಾಡಿಗೆ ನಾನು ಮಾಡ್ತೇನೆ. ಇವತ್ತು ಎರಡರಲ್ಲಿ ಒಂದಾಗಲಿ ಅಜ್ಜಾರೇ. ಅವಳನ್ನು ಕಳಿಸಿ, ಇಲ್ಲ ನನ್ನನ್ನು ಕಳಿಸಿ."

ಅಜ್ಜನವರೂ ದಣಿದಿದ್ದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ, "ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ. ಗಂಟು ಬೇಕಾದರೆ ತೊಡೆಯ ಮೇಲೇ ಇರಲಿ," ಎಂದು ಈ ಕತೆ ಹೇಳಿದರು.

ಒಬ್ಬ ಹಾಲಿನವನಿದ್ದ. ಗುಡ್ಡದ ಮೇಲಿನ ಊರಿನಿಂದ ಕೆಳಗಿನ ಪೇಟೆಗೆ ದಿನಾ ಬೈಕಿನ ಮೇಲೆ ಹಾಲು ಒಯ್ಯುತ್ತಿದ್ದ. ಎಡಕ್ಕೊಂದು ಕ್ಯಾನು, ಬಲಕ್ಕೊಂದು ಕ್ಯಾನು. ದಾರಿಯಲ್ಲಿ ಏಳು ತಿರುವು, ಏಳೂ ಇಳಿಜಾರು. ತುಂಬಿದ ಕ್ಯಾನು ಹಿಂದಿನಿಂದ ನೂಕುತ್ತದೆ. ಬ್ರೇಕು ಹಿಡಿದರೆ ಜೀವ ಉಂಟು, ಇಲ್ಲದಿದ್ದರೆ ಇಲ್ಲ.

ಆ ಬೈಕಿನ ಮುಂದಿನ ಗಾಲಿಗೆ ಉಕ್ಕಿನದೊಂದು ತಟ್ಟೆ. ತಟ್ಟೆಯ ಈಚೆಗೊಂದು ಪ್ಯಾಡು, ಆಚೆಗೊಂದು ಪ್ಯಾಡು. ಎರಡೂ ಒಂದೇ ಅಚ್ಚಿನವು, ಒಂದೇ ಗೂಡಿನಲ್ಲಿ ಇರುವವು. ಬ್ರೇಕು ಒತ್ತಿದರೆ ಎರಡೂ ಕೂಡಿ ತಟ್ಟೆಯನ್ನು ಅದುಮಬೇಕು, ಎರಡು ಅಂಗೈ ನಡುವೆ ರೊಟ್ಟಿ ಹಿಡಿದ ಹಾಗೆ.

ಒಂದು ದಿನ ಗಾಲಿಯಲ್ಲಿ ಕರಕರ ಸದ್ದು ಬಂತು. ಹಾಲಿನವನು ಬಿಚ್ಚಿ ನೋಡಿದ. ಒಳಗಿನ ಪ್ಯಾಡು ಸವೆದು ಹಪ್ಪಳವಾಗಿತ್ತು. ಹೊರಗಿನದು ಅಂಗಡಿಯಿಂದ ತಂದ ಹಾಗೆಯೇ ಇತ್ತು. ಅವನಿಗೆ ಒಂದರ ಮೇಲೆ ಮರುಕ ಬಂತು, ಇನ್ನೊಂದರ ಮೇಲೆ ಸಿಟ್ಟು ಬಂತು. ಸವೆದದ್ದನ್ನಷ್ಟೇ ತೆಗೆದು ಹೊಸದು ಹಾಕಿದ. ಮೂರು ತಿಂಗಳಿಗೆ ಅದೂ ಹಪ್ಪಳವಾಯಿತು. ಮತ್ತೊಂದು ಹಾಕಿದ. ಅದರ ಗತಿಯೂ ಅದೇ ಆಯಿತು.

ಎರಡು ಕೈ ಮಾಡುವ ಕೆಲಸ ಒಂದು ಕೈಯಿಂದ ಆಗುತ್ತದೆಯೇ? ಬೈಕು ಮೊದಲಿನ ಹಾಗೆ ನಿಲ್ಲುತ್ತಿರಲಿಲ್ಲ. ಬ್ರೇಕು ಹಿಡಿದು ಹಿಡಿದು ಅವನ ಬಲಗೈ ಬೆರಳು ಬಾತವು. ಹೆಂಡತಿ ಬಿಸಿ ಎಣ್ಣೆ ಹಚ್ಚುತ್ತ, "ಎಮ್ಮೆ ಹಿಂಡಿ ಕೈ ಬಾತವರನ್ನು ಕಂಡಿದ್ದೆ. ಬೈಕು ಹಿಂಡಿ ಬಾತವನನ್ನು ಇವತ್ತೇ ಕಂಡೆ," ಎಂದಳು. ಅವನಿಗೆ ನಗುವುದಕ್ಕೂ ಶಕ್ತಿ ಇರಲಿಲ್ಲ.

ಕೊನೆಗೆ ಅವನು ಒಂದು ಉಪಾಯ ಮಾಡಿದ. ಕೂತು ಉಂಡವನಿಗೆ ದುಡಿಮೆ ಅಂದರೆ ಏನೆಂದು ತಿಳಿಯಲಿ ಎಂದು ಹೊರಗಿನ ಪ್ಯಾಡನ್ನು ಕಿತ್ತು ಒಳಗೆ ಹಾಕಿದ. ಹೊಸದನ್ನು ತಂದು ಹೊರಗಿನ ಜಾಗದಲ್ಲಿ ಕೂರಿಸಿದ. ಮೂರು ತಿಂಗಳು ಕಳೆದು ಬಿಚ್ಚಿದಾಗ ಏನಾಗಿತ್ತು? ಅಷ್ಟು ದಿನ ಸೋಮಾರಿಯಾಗಿದ್ದದ್ದು ಸವೆದು ಹಪ್ಪಳವಾಗಿತ್ತು. ಹೊಸದಾಗಿ ಬಂದದ್ದು ಕೂತಲ್ಲೇ ಕೂತು ಸೋಮಾರಿಯಾಗಿತ್ತು. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಯಾವುದನ್ನು ಬೈಯಬೇಕು ಎಂದೇ ಅವನಿಗೆ ತಿಳಿಯಲಿಲ್ಲ. ನಾಳೆ ನೋಡಿದರಾಯಿತು ಎಂದು ಅವನ್ನೇ ಮತ್ತೆ ಹಾಕಿದ. ದಣಿದವನಿಗೆ ನಾಳೆ ಎಂಬ ಮಾತು ಬಹಳ ಸಲೀಸು.

ಮರುದಿನ ಬೆಳಿಗ್ಗೆ ಐದನೆಯ ತಿರುವಿನಲ್ಲಿ ಒಬ್ಬ ಮುದುಕಿ ಆಕಳು ಹಿಡಿದುಕೊಂಡು ರಸ್ತೆ ದಾಟುತ್ತಿದ್ದಳು. ಹಾಲಿನವನು ಬ್ರೇಕು ಒತ್ತಿದ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕೂಗಿತೇ ಹೊರತು ಬೈಕು ನಿಲ್ಲಲಿಲ್ಲ. ಅವನು ಬೈಕನ್ನು ಪಕ್ಕದ ಲಂಟಾನ ಪೊದೆಗೆ ತಿರುಗಿಸಿದ. ಮುದುಕಿ ಉಳಿದಳು, ಆಕಳು ಉಳಿಯಿತು, ಅವನೂ ಉಳಿದ. ಎರಡು ಕ್ಯಾನಿನ ಹಾಲು ಮಾತ್ರ ಅವನಿಗಿಂತ ಮುಂಚೆ ಪೇಟೆಯ ದಾರಿ ಹಿಡಿಯಿತು.

"ಎಲವೋ, ಸಾಯುವುದಿದ್ದರೆ ಹಾಲು ಮಾರಿ ಬರುವಾಗ ಸಾಯಿ! ಹಾಲು ಯಾಕೋ ಚೆಲ್ತೀ?" ಎಂದಳು ಮುದುಕಿ. ಬೈಯುತ್ತಲೇ ಸೆರಗಿನಿಂದ ಅವನ ಮೊಣಕೈಯ ರಕ್ತ ಒರೆಸಿದಳು.

ಅವನು ಬೈಕನ್ನು ನೂಕಿಕೊಂಡೇ ಪೇಟೆಗೆ ಇಳಿದ. ಗ್ಯಾರೇಜಿನವನ ಮುಂದೆ ನಿಲ್ಲಿಸಿ, "ಈ ಹೊರಗಿನ ಪ್ಯಾಡುಗಳ ಜಾತಿಯೇ ಕಳ್ಳ ಜಾತಿ ಮಾರಾಯ. ಯಾವುದು ಹಾಕಿದರೂ ದುಡಿಯೋದಿಲ್ಲ. ದುಡಿಯುವಂಥದ್ದು ಒಂದು ಕೊಡು," ಎಂದ.

ಗ್ಯಾರೇಜಿನವನು ಪ್ಯಾಡನ್ನು ಮುಟ್ಟಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಗಾಲಿಯ ಹಿಂದೆ ಕೈ ಆಡಿಸಿದ. "ಈ ತಂತಿ ಯಾರು ಕಟ್ಟಿದ್ದು?" ಎಂದು ಕೇಳಿದ.

"ಯಾವ ತಂತಿ?"

"ಇದು. ಬ್ರೇಕಿನ ಗೂಡನ್ನು ಕಳ್ಳ ದನ ಕಟ್ಟಿದ ಹಾಗೆ ಬಿಗಿದಿದೆಯಲ್ಲ, ಇದು."

ಹಾಲಿನವನಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಆ ಗೂಡು ತಗ್ಗು ದಿಣ್ಣೆಯಲ್ಲಿ ಗಡಗಡ ಅನ್ನುತ್ತಿತ್ತು. ಹಾಲು ಹಾಕುವ ಮನೆಯವರು, ಗಡಿಗೆ ಬಂಡಿ ಬಂತು ಎಂದು ನಗುತ್ತಿದ್ದರು. ಸದ್ದು ತಾಳಲಾರದೆ ಒಂದು ದಿನ ಬೇಲಿಯ ತಂತಿ ತಂದು ಬಿಗಿದು ಕಟ್ಟಿದ್ದ. ಗಡಗಡ ನಿಂತಿತ್ತು. ಅವನು ಅದನ್ನು ಮರೆತೂ ಬಿಟ್ಟಿದ್ದ.

"ಅಣ್ಣಾ," ಎಂದ ಗ್ಯಾರೇಜಿನವನು, "ಒಳಗಿನ ಪ್ಯಾಡನ್ನು ನೂಕಲು ಹಿಂದೆ ಒಂದು ಗುಂಡು ಇದೆ, ಬ್ರೇಕು ಒತ್ತಿದರೆ ಅದು ಮುಂದೆ ಬರ್ತದೆ. ಹೊರಗಿನದಕ್ಕೆ ಅದಿಲ್ಲ. ಈ ಗೂಡು ಎರಡು ಪಿನ್ನಿನ ಮೇಲೆ ಜರುಗಬೇಕು, ಆಗ ಹೊರಗಿನ ಪ್ಯಾಡು ತಟ್ಟೆಯ ಹತ್ತಿರ ಬರ್ತದೆ. ನೀನು ಜರುಗದ ಹಾಗೆ ಕಟ್ಟಿಹಾಕಿದೆ. ಅದು ಮೈಗಳ್ಳತನ ಮಾಡಲಿಲ್ಲ. ಬರೋದಕ್ಕೆ ದಾರಿ ಇಲ್ಲದೆ ಅಲ್ಲೇ ನಿಂತಿತ್ತು."

ಅವನು ತಂತಿ ಕತ್ತರಿಸಿದ. ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬಡಿದು ಹೊರಗೆ ತೆಗೆದು, ಮರಳು ಕಾಗದದಿಂದ ಉಜ್ಜಿ, ಗ್ರೀಸು ಸವರಿ ಮತ್ತೆ ಕೂರಿಸಿದ. ಗೀರು ಬಿದ್ದ ತಟ್ಟೆಯನ್ನು ಬದಲಿಸಿದ. ಪ್ಯಾಡು ಎರಡನ್ನೂ ಜೊತೆಯಲ್ಲೇ ಹೊಸದು ಹಾಕಿದ. ಬೆರಳಿನಿಂದ ನೂಕಿ ನೋಡಿದಾಗ ಗೂಡು ಆಚೆ ಈಚೆ ಜರುಗಿತು.

"ಇನ್ನು ಮೇಲೆ ಸ್ವಲ್ಪ ಗಡಗಡ ಅಂತದೆ," ಎಂದ. "ಅನ್ನಲಿ ಬಿಡು."

ಅಜ್ಜನವರು ಅಲ್ಲಿಗೆ ಕತೆ ನಿಲ್ಲಿಸಿದರು.

"ಆಮೇಲೆ?" ಎಂದಳು ಸಾವಂತ್ರವ್ವ.

"ಆಮೇಲೆ ಏನು? ಸವೆಯುವುದು ತಪ್ಪಲಿಲ್ಲ. ಎರಡೂ ಸವೆದವು, ಜೊತೆಯಾಗಿ, ನಿಧಾನವಾಗಿ. ಹಾಲಿನವನ ಬೆರಳಿನ ಬಾವು ಇಳಿಯಿತು."

ಸಾವಂತ್ರವ್ವನಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. "ಎಂಥ ದಡ್ಡ ಅವನು! ಪ್ಯಾಡಿಗೆ ಬೈದಿದ್ದೇ ಬೈದಿದ್ದು. ತಾನೇ ಕಟ್ಟಿದ ತಂತಿ ತನಗೇ ನೆನಪಿಲ್ಲವೇ ಅಜ್ಜಾರೇ?"

ಹೊರಗಿನಿಂದ ಮೊರ ಕೇರುವ ಸದ್ದು ಕೇಳುತ್ತಿತ್ತು. ದುಂಡವ್ವ ಗುಬ್ಬಿಗಳ ಜೊತೆ ಏನೋ ಮಾತಾಡುತ್ತಿದ್ದಳು. ಅಜ್ಜನವರು ಅದನ್ನು ಕೇಳಿದರು, ಸಾವಂತ್ರವ್ವನ ತೊಡೆಯ ಮೇಲಿನ ಗಂಟನ್ನು ನೋಡಿದರು, ಮೆಲ್ಲನೆ ಕೇಳಿದರು:

"ಸಾವಂತ್ರವ್ವ, ನಮ್ಮ ಅಡುಗೆಮನೆಯ ಚಿಲಕ ಬಾಗಿಲಿನ ಯಾವ ಕಡೆಗಿದೆ?"