ನಲವತ್ತು ನಿಮಿಷದ ವೇಗ

"ಪೂರ್ತಿ ವೇಗದಲ್ಲಿ ಓಡಿಸಿದರೆ ಎಂಜಿನ್ ಕೆಡಲೇಬೇಕೇ, ಮಾಸ್ತರರೇ?" ಎಂದು ಜಾಹ್ನವಿ ಕೇಳಿದಳು.

ಅವಳು ದೇಶಭಂಡಾರಿ ಮಾಸ್ತರರ ಬಳಿ ಕಂಪ್ಯೂಟರ್ ಆಟಗಳನ್ನು ಕಟ್ಟುವುದನ್ನು ಕಲಿಯುತ್ತಿದ್ದಳು. ಈಗ ಕಟ್ಟುತ್ತಿದ್ದದ್ದು ಜಲಾಂತರ್ಗಾಮಿಯ ಆಟ. ಮಾಸ್ತರರ ಮಾತಿನಂತೆ ಅದರಲ್ಲಿ ಒಂದು ಮಿತಿ ಇಟ್ಟಿದ್ದಳು. ಪೂರ್ತಿ ವೇಗದಲ್ಲಿ ಬಹಳ ಹೊತ್ತು ಓಡಿಸಿದರೆ ಎಂಜಿನ್ ಬಿಸಿಯೇರುತ್ತದೆ, ಆಮೇಲೂ ಬಿಡದಿದ್ದರೆ ನಿಂತುಹೋಗುತ್ತದೆ. ಆಡಿ ನೋಡಿದವರಿಗೆ ಅದು ಹಿಡಿಸಲಿಲ್ಲ. ಆಟ ಎಂದಮೇಲೆ ಈ ಕಾಟ ಏಕೆ ಎಂದು ಎಲ್ಲರೂ ಬರೆದಿದ್ದರು. ಮಿತಿಯನ್ನು ತೆಗೆದುಬಿಡಲು ಒಪ್ಪಿಗೆ ಕೇಳಲು ಅವಳು ಬಂದಿದ್ದಳು.

ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಕಪ್ತಾನನಿದ್ದ. ಅವನ ಕೈಕೆಳಗೆ ಒಂದು ಹಳೆಯ ಡೀಸೆಲ್ ಜಲಾಂತರ್ಗಾಮಿ ಇತ್ತು. ಅದರ ಎಂಜಿನ್ ಕೋಣೆಯನ್ನು ನೋಡಿಕೊಳ್ಳುವ ಒಬ್ಬ ಮೇಸ್ತ್ರಿ ಇದ್ದ. ಮೇಸ್ತ್ರಿ ಹೆಚ್ಚು ಓದಿದವನಲ್ಲ. ಗೋಡೆಯ ಮೇಲಿನ ಮಾಪಕಗಳನ್ನು ನೋಡುತ್ತಿದ್ದ, ನಿಜ. ಆದರೆ ನಂಬುತ್ತಿದ್ದದ್ದು ತನ್ನ ಅಂಗೈಯನ್ನು. ಎಂಜಿನಿನ ಮೈಮೇಲೆ ಕೈಯಿಟ್ಟು ಇನ್ನೆಷ್ಟು ಹೊತ್ತು ತಾಳುತ್ತದೆಂದು ಹೇಳಿಬಿಡುತ್ತಿದ್ದ. ಕಪ್ತಾನ ವೇಗ ಹೆಚ್ಚಿಸುವ ಮೊದಲು ಅವನನ್ನು ಕೇಳದೆ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸುದ್ದಿ ಬಂತು. ಮೂವತ್ತು ಮೈಲಿ ಆಚೆ ಮೀನುಗಾರರ ದೋಣಿಯೊಂದಕ್ಕೆ ನೀರು ನುಗ್ಗುತ್ತಿತ್ತು. ದೋಣಿಯಲ್ಲಿ ಏಳು ಜನ. ಹತ್ತಿರದಲ್ಲಿ ಬೇರೆ ಹಡಗು ಇರಲಿಲ್ಲ. ಕಪ್ತಾನ ಜಲಾಂತರ್ಗಾಮಿಯನ್ನು ನೀರಿನ ಮೇಲೆ ತಂದು, ಪೂರ್ತಿ ವೇಗ ಎಷ್ಟು ಹೊತ್ತು ಸಿಗುತ್ತದೆ ಎಂದು ಕೆಳಗೆ ಕೇಳಿದ.

"ನಲವತ್ತು ನಿಮಿಷ, ಸಾಹೇಬರೆ," ಎಂದ ಮೇಸ್ತ್ರಿ. "ಆಮೇಲೆ ಸ್ವಲ್ಪ ಉಸಿರಾಡಲು ಬಿಡಬೇಕು."

ನಲವತ್ತು ನಿಮಿಷ ಕಳೆಯಿತು. ಮೇಸ್ತ್ರಿ ಸಾಕೆಂದು ಹೇಳಿಕಳಿಸಿದ. ಮೇಲೆ ನಿಂತಿದ್ದವರೆಲ್ಲ ಕಪ್ತಾನನ ಮುಖ ನೋಡಿದರು. ಏಳು ಜೀವ ಮುಳುಗುತ್ತಿರುವಾಗ ನಿಧಾನ ಮಾಡು ಎಂದು ಹೇಳುವುದು ಸುಲಭವಲ್ಲ. ಆದರೂ ಅವನು ಹೇಳಿದ. ಹದಿನೈದು ನಿಮಿಷ ಅವರು ನಿಧಾನವಾಗಿ ಹೋದರು. ಅಷ್ಟು ಉದ್ದದ ಹದಿನೈದು ನಿಮಿಷವನ್ನು ಕಪ್ತಾನ ತನ್ನ ಬದುಕಿನಲ್ಲಿ ಕಂಡಿರಲಿಲ್ಲ. ಆಮೇಲೆ ಕೆಳಗಿನಿಂದ ಒಪ್ಪಿಗೆ ಬಂತು. ಮತ್ತೆ ವೇಗ ಹಿಡಿದರು. ದೋಣಿ ಮುಳುಗುವ ಹೊತ್ತಿಗೆ ಏಳೂ ಜನ ಜಲಾಂತರ್ಗಾಮಿಯ ಮೇಲಿದ್ದರು. ನಡುದಾರಿಯಲ್ಲಿ ಎಂಜಿನ್ ನಿಂತಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ.

ವರ್ಷಗಳು ಹೋದವು. ಜಲಾಂತರ್ಗಾಮಿಯನ್ನು ಒಡೆದು ಗುಜರಿಗೆ ಹಾಕಿದರು. ಇಬ್ಬರೂ ನಿವೃತ್ತರಾದರು. ಇಬ್ಬರ ಮನೆಗಳೂ ಕಡಲ ದಂಡೆಯಲ್ಲೇ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಕಪ್ತಾನನ ಸೊಸೆ ಅವನ ಹುಟ್ಟುಹಬ್ಬಕ್ಕೆ ಒಂದು ಕಂಪ್ಯೂಟರ್ ಆಟ ತಂದುಕೊಟ್ಟಳು. ಜಲಾಂತರ್ಗಾಮಿಯ ಆಟ. ಒಳಗೆ ನೋಡಿದರೆ ಅವನು ಓಡಿಸಿದಂಥದ್ದೇ ಹಡಗು. ಅವನು ಆ ಭಾನುವಾರವೇ ಮೇಸ್ತ್ರಿಯನ್ನು ಕರೆಸಿಕೊಂಡ.

ಕಪ್ತಾನ ಪರದೆಯ ಮುಂದೆ ಕುಳಿತ. ಮೇಸ್ತ್ರಿ ಪಕ್ಕದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡ. ಎಂಜಿನಿನ ಶಬ್ದ ನಿಜವಾದದ್ದೇ ಆಗಿತ್ತು. ಯಾವುದೋ ಹಳೆಯ ಹಡಗಿನಲ್ಲಿ ಹಿಡಿದಿಟ್ಟುಕೊಂಡ ಶಬ್ದವಿರಬೇಕು. ಅವನು ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಊರಿದ. ಅವನ ಮುಖದಲ್ಲಿ ಇಪ್ಪತ್ತು ವರ್ಷ ಇಳಿದುಹೋದದ್ದನ್ನು ಕಪ್ತಾನ ಕಂಡ. ಪೂರ್ತಿ ವೇಗ ಕೊಟ್ಟ.

ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಎಂಜಿನ್ ಓಡುತ್ತಲೇ ಇತ್ತು. ಶಬ್ದ ಒಂದಿಷ್ಟೂ ಬದಲಾಗಲಿಲ್ಲ. ಮೇಸ್ತ್ರಿ ಕಣ್ಣು ತೆರೆದ. ಇದು ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ ಎಂದು ಕೇಳಿದ. ಆಗುವುದೇ ಇಲ್ಲವೆಂದು ತೋರುತ್ತದೆ ಎಂದ ಕಪ್ತಾನ.

ಮುಂದಿನ ಭಾನುವಾರ ಕಪ್ತಾನ ಗೋಡೆಯ ಗಡಿಯಾರ ನೋಡಿಕೊಂಡು ಆಡಿದ. ನಲವತ್ತು ನಿಮಿಷಕ್ಕೆ ಸರಿಯಾಗಿ ತಾನೇ ವೇಗ ತಗ್ಗಿಸಿ, ಇನ್ನೆಷ್ಟು ಹೊತ್ತು ಕಾಯೋಣ ಎಂದು ಮೇಸ್ತ್ರಿಯನ್ನು ಕೇಳಿದ.

"ನನಗೋಸ್ಕರ ನಿಧಾನ ಮಾಡಬೇಡಿ, ಸಾಹೇಬರೆ," ಎಂದ ಮೇಸ್ತ್ರಿ. "ಮಾಡುವುದಾದರೆ ಎಂಜಿನಿಗೋಸ್ಕರ ಮಾಡಬೇಕು."

ಅದರಲ್ಲಿ ಸಿಟ್ಟಿರಲಿಲ್ಲ. ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋದ. ಆಮೇಲಿನ ಭಾನುವಾರ ಮಂಡಿನೋವು ಎಂದು ಹೇಳಿಕಳಿಸಿದ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಕಪ್ತಾನನಿಗೆ ಅರ್ಥವಾಯಿತು. ಆಟದ ಆ ಹಡಗಿನಲ್ಲಿ ತನಗೆ ಕೆಲಸವಿತ್ತು, ಮೇಸ್ತ್ರಿಗೆ ಇರಲಿಲ್ಲ. ಅವನು ಕುಳಿತು ಆಟ ಕಟ್ಟಿದವರಿಗೆ ಕಾಗದ ಬರೆದ. ಯಾವ ವೇಗಕ್ಕೆ ಎಷ್ಟು ನಿಮಿಷ, ಎಷ್ಟು ಬಿಸಿಯಾದರೆ ಏನು ಕೆಡುತ್ತದೆ, ತಣಿಯಲು ಎಷ್ಟು ಹೊತ್ತು ಬೇಕು, ಎಲ್ಲವನ್ನೂ ನಾಲ್ಕು ಪುಟಗಳಲ್ಲಿ ಬರೆದ. ಇದನ್ನು ಸೇರಿಸಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ, ನನ್ನ ಗೆಳೆಯನೊಬ್ಬ ಕಾಯುತ್ತಿದ್ದಾನೆ ಎಂದು ಕೊನೆಯಲ್ಲಿ ಬರೆದ.

ಮೂರು ವಾರಕ್ಕೆ ಉತ್ತರ ಬಂತು. ಎರಡೇ ಸಾಲು. ಎಂಜಿನ್ ನಿಲ್ಲುವುದನ್ನು ನೋಡಲು ಯಾರೂ ಆಟ ಕೊಳ್ಳುವುದಿಲ್ಲ, ಜನರಿಗೆ ಬೇಕಾದದ್ದು ವೇಗ, ನಿಮ್ಮ ಸಲಹೆಗೆ ವಂದನೆಗಳು ಎಂದಿತ್ತು. ಕಪ್ತಾನ ಅದನ್ನು ಮಡಚಿಟ್ಟ. ಮೇಸ್ತ್ರಿಗೆ ತೋರಿಸಲಿಲ್ಲ. ಒಂದೆರಡು ಸಲ ತಾನೇ ಬಸ್ಸು ಹತ್ತಿ ಅವನ ಮನೆಗೆ ಹೋಗಿಬಂದ. ಮಂಡಿಯ ವಿಷಯ, ಮೀನಿನ ವಿಷಯ ಮಾತಾಡಿದರು. ಎಂಜಿನಿನ ಮಾತು ಬರಲಿಲ್ಲ. ಆ ವರ್ಷ ಕಳೆಯುವ ಮೊದಲೇ ಮೇಸ್ತ್ರಿ ತೀರಿಕೊಂಡ.

ಹದಿಮೂರನೆಯ ದಿನ ಮುಗಿಸಿ ಬಂದು ಕಪ್ತಾನ ಆಟವನ್ನು ಒಮ್ಮೆ ತೆರೆದ. ಪೂರ್ತಿ ವೇಗ ಕೊಟ್ಟು ಕೈಕಟ್ಟಿ ಕುಳಿತ. ಹಡಗು ಓಡಿತು, ಓಡುತ್ತಲೇ ಇತ್ತು. ಸಾಕೆಂದು ಹೇಳುವವರಿರಲಿಲ್ಲ. ಅವನು ಕಂಪ್ಯೂಟರ್ ಆರಿಸಿ, ಆಟ ಕಟ್ಟಿದವರಿಗೆ ಇನ್ನೊಂದು ಕಾಗದ ಬರೆದ. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿ, ಯಾರನ್ನೂ ದೂರದೆ, ತಾನು ಕೇಳಿದ್ದ ಬದಲಾವಣೆ ಇನ್ನು ಬೇಕಾಗಿಲ್ಲ ಎಂದು ಮುಗಿಸಿದ.

ಮಾಸ್ತರರು ಇಲ್ಲಿಗೆ ನಿಲ್ಲಿಸಿದರು. ಎರಡನೆಯ ಕಾಗದಕ್ಕಾದರೂ ಅವರು ಉತ್ತರ ಬರೆದರೇ ಎಂದು ಜಾಹ್ನವಿ ಕೇಳಿದಳು.

"ನಾನಿನ್ನೂ ಬರೆದಿಲ್ಲಮ್ಮ," ಎಂದರು ಮಾಸ್ತರರು. "ಹನ್ನೊಂದು ವರ್ಷದಿಂದ ಅದು ನನ್ನ ಮೇಜಿನಲ್ಲೇ ಇದೆ."

ಜಾಹ್ನವಿ ಎದ್ದು ಹೋಗಿ ತನ್ನ ಆಟದಲ್ಲಿ ಆ ಮಿತಿಯನ್ನು ಹಾಗೆಯೇ ಉಳಿಸಿದಳು.